ಕೌದಿಯ ಬಣ್ಣಗಳು

ಹಿಂಗಾರಿ ಜೋಳ ತೆನೆಗಟ್ಟುವ ದಿನಗಳಲ್ಲಿ ಧಾರವಾಡ, ಬಾಗಲಕೋಟೆ, ವಿಜಯಪುರಗಳ ಕಡೆಯ ಹಳ್ಳಿಗಳಲ್ಲಿ ಇರುಳಿನ ಚಳಿ ಮೈಕೊರೆಯುವಂತಿರುತ್ತದೆ. ಆಗ ಮನೆಯ ಅಟ್ಟದಿಂದಲೋ ಸಂದೂಕದಿಂದಲೋ ಕೌದಿ ಕೆಳಗಿಳಿಯುತ್ತದೆ. ಹಳೆಯ ಸೀರೆ, ಧೋತರ, ಅಂಗಿ, ಲಂಗ, ಕುಪ್ಪಸಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಜೋಡಿಸಿ, ದಪ್ಪ ದಾರದಿಂದ ಸಾಲುಸಾಲಾಗಿ ಹೊಲಿದ ಹೊದಿಕೆಯೇ ಕೌದಿ. ಕವದಿ ಎಂದೂ ಅದನ್ನು ಕರೆಯುವುದುಂಟು. ಅದನ್ನು ಹಾಸಬಹುದು, ಹೊದೆಯಬಹುದು, ಕೂಸನ್ನು ಮಲಗಿಸಬಹುದು. ಚಕ್ಕಡಿಯಲ್ಲಿ ದೂರ ಪ್ರಯಾಣ ಮಾಡುವಾಗ ಕೆಳಗೆ ಮೆತ್ತೆಯಾಗಿಯೂ ಬಳಸಬಹುದು. ಮೈಗೆ ಒಗ್ಗಿದ ಹತ್ತಿಯ ಬಟ್ಟೆಯಾದುದರಿಂದ ಅದರ ಮೃದುತ್ವವು ಅಂಗಡಿಯ ಹೊಸ ಕಂಬಳಿಗೆ ಬರಲಾರದು.

ಕೌದಿಯನ್ನು ನೋಡಿದವರಲ್ಲಿ ಹಲವರು, ಕೈಗೆ ಸಿಕ್ಕ ಚಿಂದಿಗಳನ್ನು ಸಿಕ್ಕ ಹಾಗೆ ಕೂಡಿಸಿ ಹೊಲಿದದ್ದು ಎಂದು ತಿಳಿಯುತ್ತಾರೆ. ಇದು ಸರಿಯಲ್ಲ. ಬಟ್ಟೆ ಸಿಕ್ಕ ಹಾಗೆ ಬಂದಿರಬಹುದು. ಆದರೆ ಯಾವ ತುಂಡು ಯಾವುದರ ಪಕ್ಕದಲ್ಲಿ ಕೂಡಬೇಕೆಂಬುದನ್ನು ಹೊಲಿಯುವವಳು ಆಲೋಚಿಸಿಯೇ ನಿರ್ಧರಿಸಿರುತ್ತಾಳೆ. ಚಿತ್ರಕಾರನು ತನಗೆ ಬೇಕಾದ ಬಣ್ಣವನ್ನು ಕಲಸಿಕೊಳ್ಳಬಲ್ಲನು. ನೇಕಾರನು ಬೇಕಾದ ನೂಲನ್ನು ಬಣ್ಣಕ್ಕೆ ಹಾಕಿಸಬಲ್ಲನು. ಕೌದಿ ಹೊಲಿಯುವವಳಿಗೆ ಈ ಎರಡು ಅನುಕೂಲಗಳೂ ಇಲ್ಲ. ಮನೆಯವರು ಉಟ್ಟು ಬಿಟ್ಟದ್ದೇ ಅವಳ ವರ್ಣಭಂಡಾರ. ಅದರಲ್ಲಿ ಅರ್ಧದಷ್ಟು ಬಣ್ಣಗಳು ಬಿಸಿಲಿಗೂ ಒಗೆತಕ್ಕೂ ಮಾಸಿರುತ್ತವೆ. ಬಣ್ಣವನ್ನು ಬದಲಿಸಲಾರದವಳು ಅದರ ನೆರೆಯನ್ನು ಮಾತ್ರ ಬದಲಿಸಬಲ್ಲಳು. ಅವಳ ಜಾಣ್ಮೆಯೆಲ್ಲ ಈ ಒಂದು ಕೆಲಸದಲ್ಲಿದೆ.

ಧಾರವಾಡ ಸೀಮೆಯ ಒಂದು ಒಕ್ಕಲಿನ ಮನೆಯನ್ನು ಕಲ್ಪಿಸಿಕೊಳ್ಳೋಣ. ಹಿರಿಯ ಮೊಮ್ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಾಳೆ. ಹುಟ್ಟುವ ಕೂಸಿಗೆಂದು ಅಜ್ಜಿ ಒಂದು ಕೌದಿ ಹೊಲಿಯಲು ಕುಳಿತಿದ್ದಾಳೆ. ಒಂಬತ್ತನೆಯ ತರಗತಿಯಲ್ಲಿ ಓದುವ ಕಿರಿಯ ಮೊಮ್ಮಗಳು ಸೂಜಿಗೆ ದಾರ ಪೋಣಿಸಿಕೊಡಲು ಬಳಿಯಲ್ಲಿದ್ದಾಳೆ. ಪಡಸಾಲೆಯ ಮುಂದಿನ ಕಟ್ಟೆಯ ಮೇಲೆ ಬಟ್ಟೆಯ ಗಂಟು ಬಿಚ್ಚಿದೆ. ಅದರಲ್ಲಿ ಏನೇನಿದೆ? ಇಳಕಲ್ಲ ಸೀರೆಯ ಕೆಂಪು ಸೆರಗು, ಅದೇ ಸೀರೆಯ ಕಪ್ಪು ಒಡಲು, ಗುಳೇದಗುಡ್ಡದ ಖಣದ ಹಳೆಯ ಕುಪ್ಪಸ, ಒಂದು ಕಾಲಕ್ಕೆ ಗಿಣಿಹಸಿರಾಗಿದ್ದು ಈಗ ಪಾಚಿಯ ಬಣ್ಣಕ್ಕೆ ತಿರುಗಿದ್ದು, ಹುಡುಗಿಗೆ ಗಿಡ್ಡವಾದ ಶಾಲೆಯ ಕಡುನೀಲಿ ಲಂಗ, ಹಳದಿ ಹೂಗಳ ಚೀಟಿಯ ಬಟ್ಟೆ, ಬಿಳಿಯ ಧೋತರಗಳು, ಕೊನೆಗೆ, ತೀರಿಹೋದ ಅಜ್ಜನ ಗುಲಾಬಿ ಬಣ್ಣದ ಪಟಕಾ. ತಲೆಗೆ ಸುತ್ತುತ್ತಿದ್ದ ಆ ಪಟಕಾ ಎಷ್ಟೋ ವರ್ಷಗಳ ಬಿಸಿಲು ಕುಡಿದು ಈಗ ಗುಲಾಬಿಯೂ ಅಲ್ಲದ, ಬಿಳಿಯೂ ಅಲ್ಲದ ಬಣ್ಣಕ್ಕೆ ಬಂದಿದೆ.

ಹುಡುಗಿಗೆ ಹಳದಿ ಹೂವಿನ ಬಟ್ಟೆಯೂ ಕೆಂಪು ಸೆರಗೂ ಮೆಚ್ಚುಗೆಯಾದವು. ಅವೆರಡನ್ನೂ ನಡುವಿಗೆ ಹಾಸಿ, ಪಟಕಾದ ತುಂಡನ್ನು ಅವುಗಳ ಮಧ್ಯೆ ಇಟ್ಟು ನೋಡಿದಳು. ಅದು ಒಗೆಯದೆ ಬಿಟ್ಟ ಬಿಳಿಯ ಅರಿವೆಯಂತೆ ಕಂಡಿತು.

“ಆಯಿ, ಇದಕ್ಕ ಬಣ್ಣಾನ ಇಲ್ಲ. ಇದನ್ನ ಕೆಳಗಿನ ಪದರಿಗೆ ಹಾಕೋಣು” ಎಂದಳು.

“ಬಣ್ಣ ಇಲ್ಲಂತ ಯಾರ ಹೇಳಿದ್ರವಾ? ಅದರ ಬಾಜೂಕ ಯಾರ ಕುಂತಾರ, ಮೊದಲ ಅದನ್ನ ನೋಡು” ಎಂದಳು ಅಜ್ಜಿ.

ಅಜ್ಜಿ ಹೇಳಿದ ಈ ಮಾತಿನ ಹಿಂದೆ ಒಂದು ಶಾಸ್ತ್ರವೇ ಇದೆ. ಅದನ್ನು ಮೊದಲಿಗೆ ವಿಸ್ತಾರವಾಗಿ ಬರೆದಿಟ್ಟವನು ಮಿಶೆಲ್ ಯೂಜೀನ್ ಷೆವ್ರಲ್ ಎಂಬ ಫ್ರಾನ್ಸಿನ ರಸಾಯನಶಾಸ್ತ್ರಜ್ಞ. 1786ರಲ್ಲಿ ಹುಟ್ಟಿ 1889ರವರೆಗೆ, ನೂರೆರಡು ವರ್ಷಗಳ ತುಂಬುಬಾಳನ್ನು ಬಾಳಿದ ಈ ವಿದ್ವಾಂಸನು 1824ರಲ್ಲಿ ಪ್ಯಾರಿಸಿನ ಗೋಬೆಲಿನ್ ಎಂಬ ಪ್ರಸಿದ್ಧ ಚಿತ್ರಗಂಬಳಿಗಳ ಕಾರ್ಖಾನೆಯಲ್ಲಿ ಬಣ್ಣಹಾಕುವ ವಿಭಾಗದ ಮುಖ್ಯಸ್ಥನಾದನು. ಅಲ್ಲಿನ ನೇಕಾರರು ಅವನ ಮುಂದೆ ಒಂದು ದೂರು ತಂದರು. ನೀಲಿ ಮತ್ತು ಊದಾ ಬಣ್ಣದ ಉಡುಪುಗಳ ನೆರಳನ್ನು ತೋರಿಸಲು ತಾವು ಬಳಸುವ ಕಪ್ಪು ನೂಲಿಗೆ ಕಸುವಿಲ್ಲ, ಅದು ಮಂಕಾಗಿ ಕಾಣುತ್ತದೆ, ಬಣ್ಣ ಹಾಕುವವರು ಸರಿಯಾಗಿ ಹಾಕುತ್ತಿಲ್ಲ ಎಂಬುದೇ ಆ ದೂರು. ಷೆವ್ರಲ್ ಬೇರೆ ಬೇರೆ ಕಡೆಗಳಿಂದ ಕಪ್ಪು ಉಣ್ಣೆಯ ಮಾದರಿಗಳನ್ನು ತರಿಸಿ ಹೋಲಿಸಿ ನೋಡಿದನು. ಗೋಬೆಲಿನ್ನಿನ ಕಪ್ಪು ಯಾವುದಕ್ಕೂ ಕಡಿಮೆಯಾಗಿರಲಿಲ್ಲ. ಹಾಗಾದರೆ ತಪ್ಪು ಎಲ್ಲಿದೆ? ತಪ್ಪು ಬಣ್ಣದ ಕಡಾಯಿಯಲ್ಲಿರಲಿಲ್ಲ, ನೋಡುವ ಕಣ್ಣಿನಲ್ಲಿತ್ತು. ನೀಲಿಯ ನೆರೆಯಲ್ಲಿ ಕುಳಿತ ಕಪ್ಪು, ನೋಡುವವರ ಕಣ್ಣಿಗೆ ತನ್ನ ಕಪ್ಪನ್ನು ಕಳೆದುಕೊಂಡು ಕಂದುಛಾಯೆಯಿಂದ ಕಾಣುತ್ತಿತ್ತು.

ಒಂದು ದೂರನ್ನು ಪರಿಹರಿಸಲು ಹೊರಟ ಷೆವ್ರಲ್ ಆ ವಿಷಯವನ್ನು ವರ್ಷಗಟ್ಟಲೆ ಪರಿಶೀಲಿಸಿ 1839ರಲ್ಲಿ ದೊಡ್ಡದೊಂದು ಗ್ರಂಥವನ್ನು ಪ್ರಕಟಿಸಿದನು. ಎರಡು ಬಣ್ಣಗಳನ್ನು ಪಕ್ಕಪಕ್ಕದಲ್ಲಿಟ್ಟು ಒಟ್ಟಿಗೆ ನೋಡಿದಾಗ, ಅವುಗಳಲ್ಲಿರುವ ಭೇದವು ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ ಎಂಬುದು ಅವನು ಕಂಡ ನಿಯಮ. ತಿಳಿಯಾದುದು ಗಾಢವಾದುದರ ಪಕ್ಕದಲ್ಲಿ ಇನ್ನೂ ತಿಳಿಯಾಗುತ್ತದೆ. ಗಾಢವಾದುದು ಇನ್ನೂ ಗಾಢವಾಗುತ್ತದೆ. ಬಣ್ಣಗಳ ವಿಷಯದಲ್ಲಿಯೂ ಹೀಗೆಯೇ. ಕೆಂಪು ತನ್ನ ನೆರೆಯವರ ಮೇಲೆ ಹಸಿರಿನ ಛಾಯೆಯನ್ನು ಬೀರುತ್ತದೆ, ಹಸಿರು ಕೆಂಪಿನ ಛಾಯೆಯನ್ನು ಬೀರುತ್ತದೆ. ನೀಲಿಗೂ ಕಿತ್ತಳೆಗೂ, ಹಳದಿಗೂ ಊದಾ ಬಣ್ಣಕ್ಕೂ ಇದೇ ಬಗೆಯ ನಂಟು. ಹೀಗೆ ಪರಸ್ಪರ ವಿರುದ್ಧವಾಗಿಯೂ ಜೊತೆಯಾಗಿಯೂ ಇರುವ ಬಣ್ಣಗಳನ್ನು ಪೂರಕ ಬಣ್ಣಗಳೆನ್ನುತ್ತಾರೆ. ನೆರೆಯ ಭೇದ ಎದ್ದುಕಾಣುವ ಈ ಗುಣಕ್ಕೆ ವೈದೃಶ್ಯವೆಂದು ಹೆಸರು.

ಇದನ್ನು ಯಾರು ಬೇಕಾದರೂ ಪರೀಕ್ಷಿಸಬಹುದು. ಕುಂಕುಮದಂತೆ ಕೆಂಪಾದ ಕಾಗದದ ಚೂರೊಂದನ್ನು ಬೆಳಕಿನಲ್ಲಿಟ್ಟು, ಅರ್ಧ ನಿಮಿಷ ರೆಪ್ಪೆ ಅಲುಗಿಸದೆ ಅದನ್ನೇ ನೋಡಿ, ಅನಂತರ ಸುಣ್ಣ ಬಳಿದ ಗೋಡೆಯತ್ತ ದೃಷ್ಟಿ ತಿರುಗಿಸಿದರೆ, ಗೋಡೆಯ ಮೇಲೆ ಅದೇ ಆಕಾರದ ನೀಲಿಹಸಿರು ಛಾಯೆಯೊಂದು ಕೆಲವು ಕ್ಷಣ ತೇಲುವುದು ಕಾಣುತ್ತದೆ. ಕೆಂಪನ್ನು ನೋಡಿ ದಣಿದ ಕಣ್ಣು ಅದರ ವಿರುದ್ಧವಾದುದನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. ಎರಡು ಬಣ್ಣಗಳನ್ನು ಒಟ್ಟಿಗೆ ನೋಡುವಾಗ ಕಣ್ಣು ದಣಿಯುವವರೆಗೆ ಕಾಯುವುದೂ ಇಲ್ಲ. ಕಣ್ಣಿನ ಒಳಪರದೆಯಲ್ಲಿ ಒಂದು ಕಡೆಯ ನರಕೋಶಗಳು ಚುರುಕಾದಾಗ ಅವು ನೆರೆಯ ಕೋಶಗಳನ್ನು ತಕ್ಕಮಟ್ಟಿಗೆ ಅಡಗಿಸುತ್ತವೆ. ಮಿದುಳೂ ತನ್ನ ಪಾಲಿನ ಹೋಲಿಕೆಯನ್ನು ಮಾಡುತ್ತದೆ. ಆದುದರಿಂದ ನಾವು ಯಾವ ಬಣ್ಣವನ್ನೂ ಒಂಟಿಯಾಗಿ ನೋಡುವುದಿಲ್ಲ. ಅದರ ನೆರೆಹೊರೆಯೊಡನೆಯೇ ನೋಡುತ್ತೇವೆ.

ಷೆವ್ರಲ್ ತನ್ನ ಗ್ರಂಥದಲ್ಲಿ ಗೋಡೆಯ ಕಾಗದ, ಹೂದೋಟ, ಉಡುಪು ಮುಂತಾದ ಹತ್ತಾರು ವಿಷಯಗಳಿಗೆ ಈ ನಿಯಮವನ್ನು ಅನ್ವಯಿಸಿದ್ದಾನೆ. ಸೈನಿಕರ ಸಮವಸ್ತ್ರದ ಬಗೆಗೂ ಅವನ ಮಾತಿದೆ. ಎರಡು ವಿರುದ್ಧ ಬಣ್ಣಗಳ ಸಮವಸ್ತ್ರವು, ಸ್ವಲ್ಪ ಸವೆದ ಮೇಲೂ, ಒಂದೇ ಬಣ್ಣದ ಸಮವಸ್ತ್ರಕ್ಕಿಂತ ಹೆಚ್ಚು ಕಾಲ ಚೆನ್ನಾಗಿ ಕಾಣುವುದಂತೆ. ಒಂದು ಬಣ್ಣ ಇನ್ನೊಂದಕ್ಕೆ ಆಸರೆಯಾಗುವುದೇ ಇದಕ್ಕೆ ಕಾರಣ. ಹಳೆಯ ಬಟ್ಟೆಯಿಂದಲೇ ಕೆಲಸ ಮಾಡುವ ಕೌದಿಯವಳಿಗೆ ಇದಕ್ಕಿಂತ ಉಪಯುಕ್ತವಾದ ಮಾತು ಆ ಗ್ರಂಥದಲ್ಲಿ ಮತ್ತೊಂದಿರಲಾರದು. ಅವಳು ಅದನ್ನು ಓದಿಲ್ಲ. ಓದಬೇಕಾದ ಅಗತ್ಯವೂ ಅವಳಿಗೆ ಬಿದ್ದಿಲ್ಲ.

ಕಟ್ಟೆಯ ಮೇಲಿನ ಗಂಟಿಗೆ ಹಿಂದಿರುಗೋಣ. ಅಜ್ಜಿ ಮೊದಲು ಬಟ್ಟೆಗಳನ್ನು ಎರಡೂ ಕೈಗಳಿಂದ ಹಿಡಿದು ಎಳೆದು ನೋಡುತ್ತಾಳೆ. ಎಳೆದರೆ ಪಿಸಿಯುವಂಥದು ಒಳಪದರಿಗೆ ಹೋಗುತ್ತದೆ; ತಾಳಿಕೆಯುಳ್ಳದ್ದು ಮೇಲಕ್ಕೆ. ಅನಂತರ ಕೆಂಪು, ಹಳದಿ ಎಂಬ ಕ್ರಮದಲ್ಲಿ ವಿಂಗಡಿಸದೆ, ತಿಳಿಯಾದವು, ನಡುವಿನವು, ಗಾಢವಾದವು ಎಂದು ಮೂರು ರಾಶಿ ಮಾಡುತ್ತಾಳೆ. ಹುಡುಗಿಗೆ ಇದು ವಿಚಿತ್ರವೆನಿಸಿತು. ಖಣದ ಹಸಿರೂ ಲಂಗದ ನೀಲಿಯೂ ಸೀರೆಯ ಕಪ್ಪೂ ಒಂದೇ ರಾಶಿಗೆ ಬಿದ್ದವು. ಹಳದಿಯೂ ಪಟಕಾದ ಗುಲಾಬಿಯೂ ಧೋತರದ ಬಿಳಿಯೂ ಇನ್ನೊಂದಕ್ಕೆ.

ಇದರಲ್ಲಿ ವಿಚಿತ್ರವೇನೂ ಇಲ್ಲ. ಬಣ್ಣವನ್ನು ಕುರಿತು ಯೋಚಿಸುವಾಗ ನಾವು ಅದರ ಹೆಸರಿಗೆ ಮಾರುಹೋಗುತ್ತೇವೆ. ಕೆಂಪು ಬೇರೆ, ಹಸಿರು ಬೇರೆ, ಆದುದರಿಂದ ಅವೆರಡರ ನಡುವೆ ಭೇದ ಚೆನ್ನಾಗಿ ಕಾಣುವುದೆಂದು ಭಾವಿಸುತ್ತೇವೆ. ಆದರೆ ಬಣ್ಣಕ್ಕೆ ಹೆಸರಲ್ಲದೆ ಇನ್ನೆರಡು ಗುಣಗಳುಂಟು. ಅದು ಎಷ್ಟು ತಿಳಿ ಅಥವಾ ಎಷ್ಟು ಗಾಢ ಎಂಬುದು ಒಂದು; ಎಷ್ಟು ಉಜ್ವಲ ಅಥವಾ ಎಷ್ಟು ಮಂಕು ಎಂಬುದು ಇನ್ನೊಂದು. ನಾಲ್ಕು ಮಾರು ದೂರದಿಂದ ನೋಡಿದಾಗ ಕೌದಿಯ ವಿನ್ಯಾಸವನ್ನು ಎತ್ತಿ ತೋರಿಸುವುದು ಹೆಚ್ಚಾಗಿ ತಿಳಿ-ಗಾಢಗಳ ಭೇದವೇ ಹೊರತು ಬಣ್ಣದ ಹೆಸರಲ್ಲ. ಒಂದೇ ಸಮನಾಗಿ ಗಾಢವಾದ ಕೆಂಪನ್ನೂ ಹಸಿರನ್ನೂ ಪಕ್ಕಪಕ್ಕದಲ್ಲಿ ಇಟ್ಟು ಕಪ್ಪುಬಿಳುಪಿನ ಛಾಯಾಚಿತ್ರ ತೆಗೆದರೆ, ಎರಡೂ ಒಂದೇ ಬೂದುಬಣ್ಣವಾಗಿ, ಅವುಗಳ ನಡುವಿನ ಗಡಿಯೇ ಅಳಿಸಿಹೋದೀತು. ಬಣ್ಣದಲ್ಲಿ ನೋಡಿದಾಗಲೂ ಎರಡೂ ಉಜ್ವಲವಾಗಿದ್ದರೆ ಆ ಗಡಿ ಅದುರಿದಂತಾಗಿ ಕಣ್ಣಿಗೆ ಆಯಾಸವಾಗುತ್ತದೆ. ಜಗಳ ಕಾಣುತ್ತದೆ, ಚಿತ್ರ ಕಾಣುವುದಿಲ್ಲ.

ಬಣ್ಣಗಳಲ್ಲಿ ಹುಟ್ಟಿನಿಂದಲೇ ತಿಳಿಯಾದವೂ ಗಾಢವಾದವೂ ಉಂಟು. ಹಳದಿ ಎಷ್ಟು ಉಜ್ವಲವಾಗಿದ್ದರೂ ತಿಳಿಯಾದ ಬಣ್ಣವೇ, ಊದಾ ಗಾಢವಾದುದು. ಕೆಂಪು ಮತ್ತು ಹಸಿರುಗಳಲ್ಲಿ ಮಾತ್ರ ಹೆಸರು ಕೇಳಿ ಏನನ್ನೂ ಹೇಳಬರುವುದಿಲ್ಲ. ಬಟ್ಟೆಯನ್ನು ಕಣ್ಣಿನಿಂದಲೇ ನೋಡಬೇಕು. ನೋಡುವುದಕ್ಕೂ ಒಂದು ಉಪಾಯವುಂಟು. ರೆಪ್ಪೆಗಳನ್ನು ಅರ್ಧ ಮುಚ್ಚಿ, ಕಣ್ಣು ಕಿರಿದಾಗಿಸಿ ನೋಡಿದರೆ ಹೂವು, ಬಳ್ಳಿ, ನೂಲಿನ ಹೆಣಿಗೆ ಮುಂತಾದ ಸಣ್ಣ ವಿವರಗಳು ಮಾಯವಾಗಿ ಬೆಳಕು ನೆರಳುಗಳು ಮಾತ್ರ ಉಳಿಯುತ್ತವೆ. ಚಿತ್ರಕಾರರೂ ಹೀಗೆಯೇ ನೋಡುತ್ತಾರೆ. ವಯಸ್ಸಾದ ಅಜ್ಜಿಯ ಕಣ್ಣು ಮಂಜಾಗಿದೆ ಎಂದು ಮನೆಯವರು ಮರುಗಿದರೂ, ಈ ಒಂದು ಕೆಲಸಕ್ಕೆ ಅದು ಅಷ್ಟೇನೂ ಅಡ್ಡಿಯಲ್ಲ.

ತಿಳಿ-ಗಾಢಗಳ ಭೇದದಿಂದಲೇ ವಿನ್ಯಾಸ ಕಟ್ಟಬಹುದೆಂಬುದಕ್ಕೆ ಅಮೆರಿಕದ ಒಂದು ಬಗೆಯ ಕೌದಿ ಒಳ್ಳೆಯ ನಿದರ್ಶನ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಲ್ಲಿ ಮನೆಮನೆಗೂ ಹಬ್ಬಿದ ಈ ಬಗೆಗೆ ‘ದಿಮ್ಮಿಯ ಗುಡಿಸಲು’ ಎಂಬ ಅರ್ಥದ ಹೆಸರಿದೆ. ನಡುವೆ ಒಂದು ಸಣ್ಣ ಚೌಕ. ಅದು ಹೆಚ್ಚಾಗಿ ಕೆಂಪು. ಮನೆಯ ಒಲೆಯ ಬೆಂಕಿಯೇ ಅದು ಎಂದು ಹೇಳುವುದುಂಟು. ಅದರ ಸುತ್ತ, ಮರದ ದಿಮ್ಮಿಗಳನ್ನು ಪೇರಿಸಿದಂತೆ, ಬಟ್ಟೆಯ ಪಟ್ಟಿಗಳನ್ನು ಜೋಡಿಸುತ್ತ ಹೋಗುತ್ತಾರೆ. ಎರಡು ಪಕ್ಕಗಳಿಗೆ ತಿಳಿಯಾದ ಪಟ್ಟಿಗಳು, ಉಳಿದೆರಡಕ್ಕೆ ಗಾಢವಾದವು. ಹೀಗೆ ಪ್ರತಿ ಚೌಕವೂ ಅರ್ಧ ಬಿಸಿಲು, ಅರ್ಧ ನೆರಳು ಆಗುತ್ತದೆ. ಪಟ್ಟಿಗಳ ಬಣ್ಣ ಯಾವುದೆಂಬ ಕಟ್ಟುಪಾಡಿಲ್ಲ. ನೀಲಿಯೋ ಕಂದೋ ಹಸಿರೋ, ಮನೆಯಲ್ಲಿದ್ದದ್ದು ನಡೆಯುತ್ತದೆ. ತಿಳಿಯದು ತಿಳಿಯ ಕಡೆ, ಗಾಢವಾದದ್ದು ಗಾಢದ ಕಡೆ ಬಂದರೆ ಸಾಕು. ಅನಂತರ ಆ ಚೌಕಗಳನ್ನು ತಿರುಗಿಸಿ ತಿರುಗಿಸಿ ಇಡುವುದರಿಂದ, ಒಮ್ಮೆ ಹೊಲದ ಉಳುಮೆಯ ಸಾಲುಗಳಂತೆ ಓರೆಗೆರೆಗಳು, ಒಮ್ಮೆ ಒಂದರೊಳಗೊಂದು ಅಡಗಿದ ದೊಡ್ಡ ವಜ್ರಾಕೃತಿಗಳು ಮೂಡುತ್ತವೆ. ಚೌಕಗಳು ಅವೇ, ಬದಲಾದದ್ದು ನೆರೆ ಮಾತ್ರ.

ನಮ್ಮ ಕೌದಿಯಲ್ಲಿ ಇಂಥ ಲೆಕ್ಕದ ಚೌಕಗಳು ಇರಲೇಬೇಕೆಂದಿಲ್ಲ. ತುಂಡುಗಳ ಅಳತೆ ಒಂದೊಂದಕ್ಕೂ ಬೇರೆ. ಇಲ್ಲಿ ಬೇರೆ ಬಗೆಯ ಎಚ್ಚರ ಬೇಕಾಗುತ್ತದೆ. ಹುಡುಗಿ ಮೊದಲ ಸಲ ತುಂಡುಗಳನ್ನು ಹಾಸಿದಾಗ ಗಾಢವಾದುವೆಲ್ಲ ಎಡಕ್ಕೆ ಬಂದು ಕೌದಿ ಒಂದು ಕಡೆ ವಾಲಿದಂತೆ ಕಂಡಿತು. ಅಜ್ಜಿ ಎದ್ದು ನಿಂತು, ನಾಲ್ಕು ಹೆಜ್ಜೆ ಹಿಂದೆ ಸರಿದು, “ಈ ಕಡಿ ತೂಕ ಹೆಚ್ಚಾತು” ಎಂದಳು. ಬಣ್ಣಕ್ಕೂ ತೂಕವುಂಟೆಂಬುದು ಅನುಭವದ ಮಾತು. ಗಾಢವಾದುದು ಭಾರವಾಗಿ ಕಾಣುತ್ತದೆ. ಆದುದರಿಂದ ಅದನ್ನು ಕೌದಿಯ ತುಂಬ ಹಂಚಬೇಕು, ಇಲ್ಲವೆ ಸುತ್ತಲಿನ ಅಂಚಿಗೆ ಕಟ್ಟಾಗಿ ಬಳಸಬೇಕು. ಕೆಂಪು, ಹಳದಿಯಂಥವು ಮುಂದಕ್ಕೆ ನುಗ್ಗಿ ಬಂದಂತೆ ಕಾಣುತ್ತವೆ. ನೀಲಿ ಹಿಂದೆ ಸರಿಯುತ್ತದೆ. ಉಜ್ವಲವಾದ ಕೆಂಪು ಅಡಿಗೆಗೆ ಖಾರವಿದ್ದಂತೆ. ಅಂಗೈಯಗಲದ ನಾಲ್ಕು ತುಂಡುಗಳು ನಾಲ್ಕು ಕಡೆ ಇದ್ದರೆ ಇಡೀ ಕೌದಿ ಎಚ್ಚೆತ್ತಂತಿರುತ್ತದೆ, ಎಲ್ಲ ಕಡೆಗೂ ಅದನ್ನೇ ತುಂಬಿದರೆ ಉಳಿದುದರ ರುಚಿ ತಿಳಿಯುವುದಿಲ್ಲ. ಇಳಕಲ್ಲ ಸೀರೆಯನ್ನು ನೇಯ್ದವರಿಗೂ ಇದು ಗೊತ್ತಿತ್ತು. ಗಾಢವಾದ ದೊಡ್ಡ ಒಡಲು, ಅದಕ್ಕೆ ಕೊಂಡಿ ಹಾಕಿ ಕೂಡಿಸಿದ ಕೆಂಪು ಸೆರಗು, ಸೆರಗಿನ ಕೆಂಪಿನ ಮೇಲೆ ಗೋಪುರದ ಸಾಲಿನಂತಹ ಬಿಳಿಯ ತೋಪತೆನಿ: ಅಲ್ಲಿಯೂ ತಿಳಿ, ಗಾಢ, ಉಜ್ವಲಗಳ ಪಾಲು ಸಮವಾಗಿಲ್ಲ, ಆದುದರಿಂದಲೇ ಚೆನ್ನ.

ಹೂವಿನ ಚೀಟಿ ಬಟ್ಟೆಗಳದು ಬೇರೆಯೇ ತೊಂದರೆ. ಸಣ್ಣ ಸಣ್ಣ ಕೆಂಪು ಹಸಿರು ಹೂಗಳ ಬಟ್ಟೆ ಕೈಯಲ್ಲಿದ್ದಾಗ ಅಂದವಾಗಿದ್ದರೂ ದೂರದಿಂದ ಎರಡು ಬಣ್ಣಗಳೂ ಕಣ್ಣಿನಲ್ಲಿ ಕಲಸಿ ಮಣ್ಣಿನ ಬಣ್ಣವಾಗುತ್ತವೆ. ಎರಡು ಹೂವಿನ ಬಟ್ಟೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟರೆ ಒಂದು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಮೊದಲಾಯಿತೆಂಬುದು ತಿಳಿಯುವುದಿಲ್ಲ. ಅವುಗಳ ನಡುವೆ ಒಂದು ಬೋಳು ಬಟ್ಟೆ ಬೇಕು. ಧೋತರದ ಬಿಳಿಗೆ ಗಂಟಿನಲ್ಲಿ ಬೆಲೆ ಬರುವುದು ಇಲ್ಲಿಯೇ.

ಬಣ್ಣಗಳ ನಿರ್ಧಾರವನ್ನು ಹಗಲು ಬೆಳಕಿನಲ್ಲಿಯೇ ಮಾಡಬೇಕು. ಹಳೆಯ ಕಾಲದ ಎಣ್ಣೆದೀಪದ ಹಳದಿ ಬೆಳಕಿನಲ್ಲಿ ತಿಳಿಹಳದಿಗೂ ಬಿಳಿಗೂ, ಕಡುನೀಲಿಗೂ ಕಪ್ಪಿಗೂ ಭೇದ ತಿಳಿಯುತ್ತಿರಲಿಲ್ಲ. ಮುಸ್ಸಂಜೆಯದು ಇನ್ನೊಂದು ಮೋಸ. ಅಂಗಳದ ಕೆಂಪು ದಾಸವಾಳವನ್ನು ಹೊತ್ತು ಮುಳುಗಿದ ಮೇಲೆ ಗಮನಿಸಿದರೆ ಹೂವು ಕಪ್ಪಾಗುತ್ತದೆ, ಸುತ್ತಲಿನ ಹಸಿರೆಲೆಗಳು ಇನ್ನೂ ಕಾಣುತ್ತಲೇ ಇರುತ್ತವೆ. ಮಂದ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಕೆಂಪು ಬಹುಬೇಗ ನಂದುತ್ತದೆ, ನೀಲಿಹಸಿರುಗಳು ಹೆಚ್ಚು ಹೊತ್ತು ಉಳಿಯುತ್ತವೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಇದನ್ನು ಗುರುತಿಸಿದ ಬೊಹಿಮಿಯಾ ನಾಡಿನ ಪುರ್ಕಿನ್ಯೆ ಎಂಬ ಶರೀರಶಾಸ್ತ್ರಜ್ಞನ ಹೆಸರಿನಿಂದಲೇ ಈ ಸಂಗತಿಯನ್ನು ಕರೆಯುತ್ತಾರೆ. ಕೌದಿ ಹೊಲಿಯುವವರು ಊಟ ಮುಗಿದ ಮಧ್ಯಾಹ್ನದಲ್ಲಿ, ಕಟ್ಟೆಯ ಮೇಲೆ ಅಥವಾ ಮರದ ನೆರಳಿನಲ್ಲಿ ಕೂಡುವುದು ಬಿಡುವಿನ ಹೊತ್ತೆಂಬ ಕಾರಣಕ್ಕಿರಬಹುದು. ಬಣ್ಣಗಳಿಗೂ ಅದು ಒಳ್ಳೆಯ ಹೊತ್ತು.

ಬಣ್ಣ ಬಿಡುವ ಬಟ್ಟೆಯ ಬಗೆಗೂ ಎಚ್ಚರವಿರಬೇಕು. ಒದ್ದೆ ಮಾಡಿದ ಬಿಳಿಯ ಚಿಂದಿಯಿಂದ ಉಜ್ಜಿ ನೋಡಿ, ಅದಕ್ಕೆ ಬಣ್ಣ ಹತ್ತಿದರೆ, ಆ ಬಟ್ಟೆಯನ್ನು ಹಲವು ಸಲ ಒಗೆದು ಬಣ್ಣ ನಿಂತ ಮೇಲೆ ಬಳಸಬೇಕು. ಹೊಸ ಬಟ್ಟೆಗೆ ಹೋಲಿಸಿದರೆ ಹಳೆಯ ಬಟ್ಟೆಯ ಗುಣ ಇಲ್ಲಿ ಮೇಲು. ಅದು ಬಿಡಬೇಕಾದುದನ್ನೆಲ್ಲ ಆಗಲೇ ಬಿಟ್ಟಿರುತ್ತದೆ. ಈಚಿನ ಕಾಲದ ಕೃತಕ ನೂಲಿನ ಸೀರೆಗಳು ಬೇಗ ಮಾಸುವುದಿಲ್ಲವೆಂಬುದು ನಿಜ. ಆದರೆ ಅವು ಬೆವರನ್ನು ಹೀರವು, ಹೊಲಿಯುವಾಗ ಕೈಯಿಂದ ಜಾರುತ್ತವೆ, ಮಾಸಿದ ಹತ್ತಿಯ ನಡುವೆ ಮಿರಮಿರನೆ ಹೊಳೆದು ಪಕ್ಕದವನ್ನು ಇನ್ನಷ್ಟು ಬಡವಾಗಿಸುತ್ತವೆ.

ಬಣ್ಣಗಳ ಧೈರ್ಯವನ್ನು ನೋಡಬೇಕಾದರೆ ಉತ್ತರ ಕನ್ನಡ ಜಿಲ್ಲೆಯ ಕಾಡಿನಂಚಿನ ಊರುಗಳಿಗೆ ಹೋಗಬೇಕು. ಯಲ್ಲಾಪುರ, ಹಳಿಯಾಳ, ಮುಂಡಗೋಡ ತಾಲ್ಲೂಕುಗಳಲ್ಲಿ ಸಿದ್ದಿ ಜನರಿದ್ದಾರೆ. ಶತಮಾನಗಳ ಹಿಂದೆ ಆಫ್ರಿಕದಿಂದ ಭಾರತಕ್ಕೆ ಬಂದವರ ಸಂತತಿ ಅವರು. ಅವರ ಹಿರಿಯರಲ್ಲಿ ಹಲವರನ್ನು ಪೋರ್ಚುಗೀಸರು ಗುಲಾಮರನ್ನಾಗಿ ಗೋವೆಗೆ ತಂದಿದ್ದರು. ಹಿಂದು, ಮುಸ್ಲಿಂ, ಕ್ರೈಸ್ತ ಎಂಬ ಮೂರು ಮತಗಳ ಸಿದ್ದಿಯರಲ್ಲಿಯೂ ಹೆಂಗಸರು ಕೌದಿ ಹೊಲಿಯುತ್ತಾರೆ. ಹಾಸಿದ ಬಟ್ಟೆಯ ಒಂದು ಮೂಲೆಯಿಂದ ಹೊರಟು, ಅಂಚಿನುದ್ದಕ್ಕೂ ತುಂಡುಗಳನ್ನು ಇಟ್ಟು ಹೊಲಿಯುತ್ತ, ಸುತ್ತು ಸುತ್ತಾಗಿ ಒಳಸರಿದು ನಡುವಿಗೆ ಬಂದು ಮುಗಿಸುವುದು ಅವರ ಕ್ರಮ. ಮೊದಲೇ ಗೆರೆ ಎಳೆದುಕೊಂಡ ನಕ್ಷೆಯಿಲ್ಲ. ಇಟ್ಟ ತುಂಡನ್ನು ನೋಡಿ ಮುಂದಿನದನ್ನು ಆರಿಸಬೇಕು. ದೊಡ್ಡ ಮಂಕು ತುಂಡಿನ ಮೇಲೆ ಚಿಕ್ಕದೊಂದು ಉಜ್ವಲ ಚೌಕವನ್ನು ಹೊಲಿದು ಅದನ್ನು ಎಚ್ಚರಿಸುವುದೂ ಅವರಲ್ಲಿ ಉಂಟು. ನಾಲ್ಕು ಮೂಲೆಗಳಿಗೂ ಬಣ್ಣದ ಬಟ್ಟೆಯನ್ನು ಪದರವಾಗಿ ತ್ರಿಕೋನಾಕಾರಕ್ಕೆ ಮಡಚಿ ಕೂಡಿಸುತ್ತಾರೆ. ಅದಕ್ಕೆ ‘ಫೂಲ’ ಎಂದು ಹೆಸರು, ಹೂವು ಎಂದು ಅರ್ಥ. ಹೂವಿಲ್ಲದ ಕೌದಿ ಅವರ ಕಣ್ಣಿಗೆ ಪೂರ್ತಿಯಾದುದಲ್ಲ. ಮನೆಯವರು ಮೈಮುಚ್ಚಿಕೊಳ್ಳಲೆಂದು ಹೊಲಿದ ಇಂಥ ಕೌದಿಗಳು 2011ರಲ್ಲಿ ನ್ಯೂಯಾರ್ಕ್ ನಗರದ ಶಾಂಬರ್ಗ್ ಕೇಂದ್ರದಲ್ಲಿ ಕಲಾಕೃತಿಗಳಾಗಿ ಗೋಡೆಯೇರಿದವು.

ಇನ್ನು ಅಜ್ಜನ ಪಟಕಾದ ಮಾತು. ಅಜ್ಜಿ ಕೆಂಪು ಸೆರಗನ್ನೂ ಹಳದಿ ಹೂವಿನ ಬಟ್ಟೆಯನ್ನೂ ದೂರ ಸರಿಸಿದಳು. ಆ ಪಾಚಿಹಸಿರು ಖಣವನ್ನು ಎತ್ತಿ ಪಟಕಾದ ತುಂಡಿನ ಎರಡು ಪಕ್ಕಕ್ಕೂ ಇಟ್ಟಳು. ಮೇಲೆ, ಕೆಳಗೆ ಶಾಲೆಯ ಲಂಗದ ಕಡುನೀಲಿ ಬಂದಿತು. ಬಿಳಿ ಧೋತರವನ್ನು ಅದರ ಹತ್ತಿರ ಬಿಡಲಿಲ್ಲ. ಬಿಳಿಯ ಎದುರಿಗೆ ಮಾಸಿದ್ದು ಮಾಸಿದಂತೆಯೇ ಕಾಣುವುದು. ಹುಡುಗಿ ನೋಡುತ್ತಿದ್ದಂತೆಯೇ, ಬಣ್ಣವಿಲ್ಲವೆಂದು ತಾನು ಕೆಳಗಿನ ಪದರಿಗೆ ಕಳುಹಿಸಹೊರಟಿದ್ದ ಅರಿವೆ ಗುಲಾಬಿಯಾಯಿತು. ಬಟ್ಟೆಗೆ ಏನೂ ಆಗಿರಲಿಲ್ಲ. ಉರಿಯುವ ಕೆಂಪಿನ ಪಕ್ಕದಲ್ಲಿದ್ದಾಗ ತನ್ನಲ್ಲಿದ್ದ ಅಷ್ಟಿಷ್ಟು ಕೆಂಪನ್ನೂ ಅದು ಕಳೆದುಕೊಂಡಂತಿತ್ತು. ಹಸಿರಿನ ನೆರೆಗೆ ಬಂದೊಡನೆ ಅದು ಹಿಂದಿರುಗಿತು. ಹಸಿರು ಗಾಢವಾಗಿದ್ದುದರಿಂದ ಅದರ ತಿಳಿತನವೂ ಬೆಳಗಿತು. ಹಸಿರೇ ಉಜ್ವಲವಾಗಿದ್ದರೆ ಮಾತು ಕೆಡುತ್ತಿತ್ತು. ಆಗ ಕಣ್ಣೆಲ್ಲ ಹಸಿರಿನ ಮೇಲೆಯೇ ನಿಲ್ಲುತ್ತಿತ್ತು. ಮಾಸಿದ್ದಕ್ಕೆ ಮಾಸಿದ್ದೇ ಜೊತೆ, ಆದರೆ ಎದುರು ದಿಕ್ಕಿನದಾಗಿರಬೇಕು.

“ಮತ್ತ ಇಷ್ಟು ದಿನಾ ಹೆಂಗ ಕಾಣಲಿಲ್ಲ, ಆಯಿ?”

“ಬರೇ ಗಂಟಿನ್ಯಾಗ ಇತ್ತಲ್ಲವಾ” ಎಂದಳು ಅಜ್ಜಿ.

ಹೊಲಿಗೆ ಹದಿನೈದು ದಿನ ನಡೆಯಿತು. ದಾರದ ಬಣ್ಣಕ್ಕಾಗಿ ಮತ್ತೊಮ್ಮೆ ಚರ್ಚೆಯಾಯಿತು. ಪ್ರತಿ ತುಂಡಿಗೂ ಅದರದೇ ಬಣ್ಣದ ದಾರ ಬೇಕೆಂದು ಹುಡುಗಿಯ ವಾದ. ಅಜ್ಜಿ ಎಲ್ಲಕ್ಕೂ ಬಿಳಿಯ ದಾರವನ್ನೇ ಹಿಡಿದಳು. ಅಕ್ಕಿಕಾಳಿನಷ್ಟು ಉದ್ದದ ಬಿಳಿಯ ಹೊಲಿಗೆಗಳು ನೀಲಿಯ ಮೇಲೂ ಹಸಿರಿನ ಮೇಲೂ ಕೆಂಪಿನ ಮೇಲೂ ಒಂದೇ ಸಮನಾಗಿ ಹಾಯ್ದಾಗ, ಬೇರೆ ಬೇರೆ ಬಣ್ಣಗಳ ಮೇಲೆ ಒಂದೇ ಮಳೆ ಬಿದ್ದಂತೆ, ಎಲ್ಲ ತುಂಡುಗಳೂ ಒಂದು ಬಟ್ಟೆಯಾದವು. ಗಾಢವಾದವು ಸ್ವಲ್ಪ ತಿಳಿಯಾದವು; ಗಡಿಗಳ ಒರಟುತನ ಇಳಿಯಿತು. ಪಟಕಾದ ಮೇಲೆ ಮಾತ್ರ ಬಿಳಿಯ ದಾರ ಕಾಣದೆ ಅಡಗಿತು, ಹೊಲಿಗೆಯ ಸಣ್ಣ ತಗ್ಗುಗಳಷ್ಟೇ ಉಳಿದವು.

ಕೊನೆಯ ಮೂಲೆ ಮುಗಿದ ದಿನ ಅಜ್ಜಿ ದಾರವನ್ನು ಹಲ್ಲಿನಿಂದ ಕಡಿದು, ಕೌದಿಯನ್ನು ಒಗೆದು ಅಂಗಳದ ಹಗ್ಗದ ಮೇಲೆ ಹರವಿಸಿದಳು. ಒಳಗೆ ಮಲಗಿದ್ದ ಹಿರಿಯ ಮೊಮ್ಮಗಳು ಎದ್ದು, ಸೊಂಟಕ್ಕೆ ಕೈಯಾನಿಸಿಕೊಂಡು, ನಿಧಾನವಾಗಿ ಹೊಸ್ತಿಲವರೆಗೆ ಬಂದಳು. ಯಾವ ತುಂಡು ಎಲ್ಲಿದೆಯೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಬಾಗಿಲಿಗೂ ಹಗ್ಗಕ್ಕೂ ನಡುವೆ ಇಡೀ ಅಂಗಳದ ದೂರವಿತ್ತು.

“ನಡಬರಕ ಇರೋದು ಅಜ್ಜನ ಪಟಕಾ ಹೌದಲ್ಲ, ಆಯಿ?” ಎಂದು ಅವಳು ಅಲ್ಲಿಂದಲೇ ಕೇಳಿದಳು.